ಗಣ, ಪಡೆ, ಸಂತಾನ: ರಾಕ್ಷಸರ ಗುಂಪಿಗೂ ಹೆಸರುಂಟು

ತುರುವೇಕೆರೆ: ‘ತುರು’ ಎಂದರೆ ಹಸು. ಹಸುಗಳ ಗುಂಪು ಮಂದೆ, ಆನೆಗಳದು ಹಿಂಡು, ಇರುವೆಗಳದು ಸಾಲು. ಹಾಗಾದರೆ ಭೂತ, ಪಿಶಾಚಿ, ರಾಕ್ಷಸರು ಗುಂಪುಗೂಡಿದರೆ ಏನೆನ್ನಬೇಕು?

ಇಂಗ್ಲಿಷಿನಲ್ಲಿ ಇಂತಹ ಸಮೂಹವಾಚಕಗಳ ಹುಚ್ಚು ಹಳೆಯದು. 1486ರಲ್ಲಿ ಮುದ್ರಣಗೊಂಡ ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ ಗ್ರಂಥವು ಬೇಟೆಯ ಪರಿಭಾಷೆಯೊಂದಿಗೆ ಮನುಷ್ಯರ ಗುಂಪುಗಳಿಗೂ ತಮಾಷೆಯ ಹೆಸರುಗಳನ್ನು ನೀಡಿತ್ತು. 1968ರಲ್ಲಿ ಜೇಮ್ಸ್ ಲಿಪ್ಟನ್ ಅವರ ಪುಸ್ತಕವು ಈ ಆಟಕ್ಕೆ ಮರುಜೀವ ಕೊಟ್ಟಿತು. ಕನ್ನಡಿಗರಿಗೆ ಮಾತ್ರ ಹೊಸ ಪದ ಕಟ್ಟುವ ಅಗತ್ಯವೇ ಬೀಳಲಿಲ್ಲ. ಪುರಾಣಗಳು ಆ ಕೆಲಸವನ್ನು ಮೊದಲೇ ಮುಗಿಸಿದ್ದವು.

ಭೂತಗಳದು ‘ಗಣ’. ಅದಕ್ಕೆ ಒಡೆಯನೂ ಉಂಟು. ಶಿವನ ಪರಿವಾರದ ಈ ಗಣಗಳ ಅಧಿಪತಿಯೇ ಗಣಪತಿ. ಪ್ರತಿವರ್ಷ ತಿಪಟೂರಿನಲ್ಲಿ ಸಂಭ್ರಮದಿಂದ ಪೂಜೆಗೊಳ್ಳುವ ಸತ್ಯಗಣಪತಿಯ ಹೆಸರಿನಲ್ಲಿಯೂ ಭೂತಗಳ ಗುಂಪೊಂದು ಸದ್ದಿಲ್ಲದೆ ಕುಳಿತಿದೆ.

ಅಸುರರ ಗುಂಪುಗಳಿಗೆ ತಾಯಿಯ ಹೆಸರೇ ಆಧಾರ. ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು, ಅದಿತಿಯ ಮಕ್ಕಳು ದೇವತೆಗಳು. ಮೂವರ ಪತಿಯೂ ಕಶ್ಯಪನೇ. ಹೀಗಾಗಿ ದೇವದಾನವರ ಮಹಾಯುದ್ಧವೆಂಬುದು ಮೂಲತಃ ಒಂದೇ ಮನೆಯ ದಾಯಾದಿ ಕಲಹ.

ಆಡುಮಾತು ಈ ಪದಗಳನ್ನು ಮನುಷ್ಯರ ಮೇಲೆಯೇ ಪ್ರಯೋಗಿಸುತ್ತದೆ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ತೆಂಗಿನ ತೋಟಕ್ಕೆ ನುಗ್ಗಿದರೆ ‘ಕಪಿಸೇನೆ’, ಕೂಗಾಟ ಜೋರಾದರೆ ‘ಭೂತಗಣ’, ಊಟಕ್ಕೆ ಕುಳಿತರೆ ‘ಬಕಾಸುರನ ಸಂತಾನ’, ಮಲಗಿ ಏಳದಿದ್ದರೆ ‘ಕುಂಭಕರ್ಣನ ವಂಶ’. ಬೈಗುಳದಂತೆ ಕೇಳಿಸಿದರೂ ಇವುಗಳಲ್ಲಿರುವುದು ಅಕ್ಕರೆಯೇ.

ಭಯಂಕರ ರೂಪವನ್ನು ಊರಿನವರನ್ನಾಗಿ ಮಾಡಿಕೊಳ್ಳುವ ಬಗೆ ತುಮಕೂರು ಜಿಲ್ಲೆಯ ಸೋಮನ ಕುಣಿತದಲ್ಲಿಯೂ ಕಾಣುತ್ತದೆ. ದೊಡ್ಡ ಮುಖವಾಡ ಧರಿಸಿ ಕುಣಿಯುವ ಸೋಮಗಳು ನೋಡಲು ಉಗ್ರ. ಆದರೆ ಅವು ಗ್ರಾಮದೇವತೆಯ ಕಾವಲುಗಾರರು.

ಆದರೆ ಒಂದು ಕಡೆ ಈ ತಮಾಷೆ ನಿಂತುಹೋಗುತ್ತದೆ. ಅದು ಜಾತಕ. ಜ್ಯೋತಿಷದಲ್ಲಿ 27 ನಕ್ಷತ್ರಗಳನ್ನು ದೇವ, ಮನುಷ್ಯ, ರಾಕ್ಷಸ ಎಂಬ ಮೂರು ಗಣಗಳಾಗಿ ತಲಾ 9ರಂತೆ ಹಂಚಲಾಗಿದೆ. ಕೃತ್ತಿಕಾ, ಆಶ್ಲೇಷಾ, ಮಘಾ, ಚಿತ್ತಾ, ವಿಶಾಖಾ, ಜ್ಯೇಷ್ಠಾ, ಮೂಲಾ, ಧನಿಷ್ಠಾ, ಶತಭಿಷಾ ಇವು ರಾಕ್ಷಸಗಣಕ್ಕೆ ಸೇರಿದವು. ಅಂದರೆ ನಕ್ಷತ್ರಗಳ ಮೂರನೇ ಒಂದು ಭಾಗವೇ ‘ರಾಕ್ಷಸ’! ಹುಡುಗಿಯ ಸ್ವಭಾವ, ವಿದ್ಯೆ, ಉದ್ಯೋಗ ಎಲ್ಲವೂ ಒಪ್ಪಿಗೆಯಾದ ಬಳಿಕವೂ ಈ ಒಂದು ಪದದಿಂದ ಸಂಬಂಧ ಮುರಿದುಬೀಳುವುದುಂಟು.

ಮೊಮ್ಮಗಳನ್ನು ನಗುತ್ತಲೇ ‘ರಾಕ್ಷಸಿ’ ಎಂದು ಕರೆದು ತುತ್ತು ತಿನ್ನಿಸಿದ ಮನೆಯೇ, ಮದುವೆಯ ವೇಳೆಗೆ ಅದೇ ಪದಕ್ಕೆ ಅಂಜುತ್ತದೆ. ಗಣವೆಂದರೆ ಗುಂಪು ಮಾತ್ರ. ಅದು ಯಾರ ಗುಣಕ್ಕೂ ನೀಡಿದ ಪ್ರಮಾಣಪತ್ರವಲ್ಲ.