ಲಕ್ಕಸಂದ್ರದಿಂದ ತೀರ್ಥಹಳ್ಳಿಗೆ

‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬ ಬೈಗುಳ ಬೆಂಗಳೂರಿನಲ್ಲಿ ಇನ್ನೂ ಸತ್ತಿಲ್ಲ. ಬೈಯುವವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮಾನಸಿಕ ಕಾಯಿಲೆಯವರನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯ ಮೇಲೆ ಈ ದೇಶದಲ್ಲಿ ಬಹಳ ಕೆಲಸ ಮಾಡಿದ ಸಂಸ್ಥೆಗಳಲ್ಲಿ ಅದೂ ಒಂದು.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿದ್ದಾಗ, ಬೆಂಗಳೂರು ಪೇಟೆಯಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಉಸ್ತುವಾರಿಯಲ್ಲಿ ಹುಚ್ಚಾಸ್ಪತ್ರೆಯೊಂದು ಆರಂಭವಾಯಿತು. ಸ್ಕಿಜೋಫ್ರೀನಿಯಾ ಎಂಬ ಹೆಸರು ಆಗಿನ್ನೂ ಹುಟ್ಟಿರಲಿಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಅದನ್ನು ಬಳಕೆಗೆ ತಂದದ್ದು 1908ರಲ್ಲಿ. ಯಾರೂ ಇಲ್ಲದಾಗ ಕಿವಿಯಲ್ಲಿ ಯಾರೋ ಮಾತಾಡಿದಂತಾಗುವುದು, ಊಟಕ್ಕೆ ವಿಷ ಹಾಕಿದ್ದಾರೆಂದು ತಟ್ಟೆ ದೂಡುವುದು, ತಿಂಗಳುಗಟ್ಟಲೆ ಮೂಲೆ ಹಿಡಿದು ಕೂರುವುದು, ಎಲ್ಲವೂ ‘ಬುದ್ಧಿಭ್ರಮಣೆ’ಯ ಲೆಕ್ಕಕ್ಕೇ ಸೇರುತ್ತಿದ್ದವು.

1925ರಲ್ಲಿ ಆ ಹುಚ್ಚಾಸ್ಪತ್ರೆ ಮಾನಸಿಕ ಆಸ್ಪತ್ರೆಯಾಯಿತು. 1930ರ ದಶಕದಲ್ಲಿ, ಫ್ರಾಂಕ್ ನೊರೊನ್ಹಾ ಅದರ ಮುಖ್ಯಸ್ಥರಾಗಿದ್ದಾಗ, ಹೊಸೂರು ರಸ್ತೆಯ ಲಕ್ಕಸಂದ್ರದಲ್ಲಿ ವಿಶಾಲವಾದ ಹೊಸ ಕಟ್ಟಡ ಎದ್ದಿತು. ನೊರೊನ್ಹಾ ಅವರ ನಂತರ ಬಂದವರು ಎಂ.ವಿ. ಗೋವಿಂದಸ್ವಾಮಿ. ಯುರೋಪಿನಲ್ಲಿ ಹುಟ್ಟಿದ ಚಿಕಿತ್ಸೆಗಳು ಬೆಂಗಳೂರಿಗೆ ತಡವಿಲ್ಲದೆ ಬಂದು ಮುಟ್ಟುತ್ತಿದ್ದ ಕಾಲವದು. ಇನ್ಸುಲಿನ್ ಕೋಮಾ ಆಗಿನ ದೊಡ್ಡ ಭರವಸೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಚುಚ್ಚಿ, ರಕ್ತದ ಸಕ್ಕರೆ ಇಳಿಸಿ, ರೋಗಿಯನ್ನು ಪ್ರಜ್ಞೆ ತಪ್ಪುವವರೆಗೆ ಕೊಂಡೊಯ್ಯುವುದು. ಆಮೇಲೆ ನಳಿಕೆಯಲ್ಲಿ ಸಕ್ಕರೆ ನೀರು ಹಾಕಿ ಎಬ್ಬಿಸುವುದು. ವಾರಗಟ್ಟಲೆ ಹೀಗೇ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನೂ ಇಲ್ಲಿ ಮಾಡಿದರು. ಆ ಅನುಭವದ ಮೇಲೆ ಗೋವಿಂದಸ್ವಾಮಿ ಮತ್ತು ಬಾಲಕೃಷ್ಣ ರಾವ್ ಬರೆದ ವರದಿ 1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು.

ಈಗ ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಕೈಯಲ್ಲಿ ಬೇರೇನೂ ಇಲ್ಲದ ವೈದ್ಯರನ್ನು ಕಟುಕರೆಂದು ಕರೆಯುವುದು ನ್ಯಾಯವಲ್ಲ. ಇನ್ಸುಲಿನ್‌ಗೆ ವಿಶೇಷ ಗುಣವೇನೂ ಇಲ್ಲವೆಂದು 1950ರ ದಶಕದ ಬ್ರಿಟಿಷ್ ಪರೀಕ್ಷೆಗಳು ತೋರಿಸಿದವು. ಹುಷಾರಾದವರನ್ನು ಹುಷಾರು ಮಾಡಿದ್ದು ಬಹುಶಃ ಹಾಸಿಗೆ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು ನೋಡಿಕೊಳ್ಳುತ್ತಿದ್ದ ದಾದಿಯರ ಆರೈಕೆಯೇ ಎಂದು ಆಮೇಲೆ ಹಲವರು ಬರೆದರು.

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿ ಕೈಗೆ ಬಂತು. ಕೆಲವೇ ವರ್ಷಗಳಲ್ಲಿ ಕೋಮಾ, ಕತ್ತರಿ ಎರಡೂ ಹಿಂದೆ ಸರಿದವು. ಕಿವಿಯೊಳಗಿನ ದನಿ, ಅನುಮಾನ ಮಾತ್ರೆಗೆ ಬಗ್ಗಿದವು. ಮೂಲೆ ಹಿಡಿದು ಕೂರುವುದು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಆ ಅರ್ಧಕ್ಕೆ ಮನೆಯವರೇ ಬೇಕು.

ಮನೆಯವರನ್ನು ಗೇಟಿನಾಚೆ ನಿಲ್ಲಿಸುವ ರೂಢಿಯನ್ನು ಮೊದಲು ಮುರಿದದ್ದು ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿನ ಆಸ್ಪತ್ರೆ ತುಂಬಿ ತುಳುಕುತ್ತಿದ್ದಾಗ ಡಾ. ವಿದ್ಯಾಸಾಗರ್ ಬಯಲಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಬಂಧುಗಳನ್ನೂ ಇರಿಸಿಕೊಂಡರು. ಪಶ್ಚಿಮದ ಪುಸ್ತಕಗಳು ಕಲಿಸಿದ ಉಪಾಯವಲ್ಲ ಅದು, ಜಾಗ ಸಾಲದೆ ಹುಟ್ಟಿದ್ದು.

ಬೆಂಗಳೂರಿನಲ್ಲಿ 1954ರಲ್ಲಿ ಮಾನಸಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆಯೊಂದು ಶುರುವಾಯಿತು. ಅದೂ ಹಳೆಯ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಕೇಳಿದ ಪ್ರಶ್ನೆ ಸರಳವಾದದ್ದು: ಮಾನಸಿಕ ಕಾಯಿಲೆ ಮನೆಯವರ ಮೇಲೆ ಎಷ್ಟು ಭಾರ ಹಾಕುತ್ತದೆ? 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ಸಂಬಳ ತಪ್ಪಿತೇ, ಮನೆಯ ದಿನಚರಿ ಕೆಟ್ಟಿತೇ, ಹಬ್ಬ-ಹರಿದಿನ ನಿಂತವೇ, ಮನೆಯಲ್ಲಿ ಜಗಳ ಹೆಚ್ಚಿತೇ, ಉಳಿದವರ ಆರೋಗ್ಯ ಏನಾಯಿತು, ಇಂಥವು. ಮುಂದೆ ರೋಗಿಗಳಲ್ಲಿ ಕೆಲವರನ್ನು ಆಸ್ಪತ್ರೆಗೆ ಸೇರಿಸಿ, ಕೆಲವರನ್ನು ಮನೆಯಲ್ಲೇ ಬಿಟ್ಟು ತರಬೇತಾದ ನರ್ಸ್ ಹೋಗಿ ನೋಡಿಬರುವ ಹಾಗೆ ಮಾಡಿ ಹೋಲಿಸಿದರು. ಮನೆಯಲ್ಲಿದ್ದವರೇ ಹೆಚ್ಚು ಸುಧಾರಿಸಿದರು. ಖರ್ಚೂ ಕಡಿಮೆ, ಮನೆಯವರ ಭಾರವೂ ಕಡಿಮೆ.

ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಅಷ್ಟರಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸುವ ಕೆಲಸ ನಡೆದಿತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೀನಿಯಾ ಇರುವವರನ್ನು ಹುಡುಕಿ, ಊರಲ್ಲೇ ಔಷಧಿ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಅಂಗವಿಕಲತೆ ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು.

ಅಂಗವಿಕಲತೆ ಎಂದರೆ ಇಲ್ಲಿ ಕೈಕಾಲಿನದಲ್ಲ. 1995ರ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವಿಕಲತೆಯ ಪಟ್ಟಿಗೆ ಸೇರಿಸಿತು. ಅದನ್ನು ಅಳೆಯಲು 2002ರಲ್ಲಿ ಸರ್ಕಾರ ಒಪ್ಪಿದ ಅಳತೆಗೋಲಿನಲ್ಲಿ ವೈದ್ಯರು ಕೇಳುವುದು ಸ್ನಾನ-ಬಟ್ಟೆಯ ಕಾಳಜಿ, ಜನರೊಡನೆ ಒಡನಾಟ, ಮಾತುಕತೆ ಮತ್ತು ಕೆಲಸದ ಬಗ್ಗೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ರಮಾಣಪತ್ರ ಹಿಡಿದು ಸವಲತ್ತಿಗೆ ಅರ್ಜಿ ಹಾಕಬಹುದು.