ಚಕ್ರದ ಕಡೆಯಿಂದ ಗುಂಯ್ ಸದ್ದು: ಬೇರಿಂಗ್ ಹೋಗಿದೆ ಎಂದೇ ಅರ್ಥವೇ?

ಕಾರಿನ ಕೆಳಗಿನಿಂದ ಹೊಸ ಸದ್ದೊಂದು ಕೇಳಿಸಿದರೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಸಿಗುತ್ತದೆ. ‘ಹಳೇ ಗಾಡಿ ಅಂದ್ಮೇಲೆ ಸದ್ದು ಇದ್ದದ್ದೇ, ಓಡಿಸಿ’ ಎನ್ನುವುದು ಒಂದು. ‘ಬೇರಿಂಗ್ ಹೋಗಿದೆ, ಇವತ್ತೇ ಬದಲಿಸಿ’ ಎನ್ನುವುದು ಇನ್ನೊಂದು. ಎರಡೂ ಎಲ್ಲ ಸದ್ದಿಗೂ ಹೊಂದುವುದಿಲ್ಲ. ಕೆಲವು ಸದ್ದುಗಳು ಮುಂದಿನ ಸರ್ವಿಸ್‌ವರೆಗೆ ಕಾಯುತ್ತವೆ. ಕೆಲವನ್ನು ಕಡೆಗಣಿಸಿದರೆ ಚಕ್ರವೇ ಕಳಚಿ ಹೋಗಬಹುದು. ಈ ವ್ಯತ್ಯಾಸ ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ, ಸದ್ದು ಯಾವಾಗ ಬರುತ್ತದೆ ಎಂದು ಗಮನಿಸಿದರೆ ಸಾಕು.

ಮೊದಲು ತಿಳಿಯಬೇಕಾದ್ದು: ಸದ್ದು ಎಂಜಿನ್‌ನದೋ, ಚಕ್ರದ್ದೋ?

14 ಇಂಚಿನ ರಿಮ್ ಇರುವ ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತದೆ. ಅಂದರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 3 ಸುತ್ತು, 60 ಕಿ.ಮೀ. ವೇಗದಲ್ಲಿ ಸುಮಾರು 9 ಸುತ್ತು. ಎಂಜಿನ್ ಮಾತ್ರ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸುತ್ತು ತಿರುಗುತ್ತಿರುತ್ತದೆ.

ಖಾಲಿ ರಸ್ತೆಯಲ್ಲಿ ಒಂದೇ ವೇಗವನ್ನು ಮೂರನೇ ಗೇರ್‌ನಲ್ಲಿ ಒಮ್ಮೆ, ನಾಲ್ಕನೇ ಗೇರ್‌ನಲ್ಲಿ ಒಮ್ಮೆ ಕಾಯ್ದುಕೊಳ್ಳಿ. ಗೇರ್ ಬದಲಾದಂತೆ ಸದ್ದೂ ಬದಲಾದರೆ ತೊಂದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಯದು. ಗೇರ್ ಯಾವುದಿದ್ದರೂ ಸದ್ದು ಒಂದೇ ತೆರನಾಗಿದ್ದು, ವೇಗಕ್ಕೆ ತಕ್ಕಂತೆ ಹೆಚ್ಚಿದರೆ ಚಕ್ರದ ಕಡೆ ನೋಡಬೇಕು.

ಗುಂಯ್ ಎನ್ನುವ ಸದ್ದು: ಬೇರಿಂಗೋ, ಟೈರೋ?

ಹೆಚ್ಚು ಗೊಂದಲ ಆಗುವುದು ಇಲ್ಲೇ. ಬೇರಿಂಗ್ ಸವೆದರೂ, ಟೈರ್ ಏರುಪೇರಾಗಿ ಸವೆದರೂ ಸದ್ದು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ.

ಟೈರ್ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ. ಕಾಂಕ್ರೀಟ್ ರಸ್ತೆಯಿಂದ ನುಣುಪಾದ ಡಾಂಬರು ರಸ್ತೆಗೆ ಬಂದಾಗ ಸದ್ದು ತಗ್ಗಿದರೆ ಟೈರ್ ಮೇಲೆ ಅನುಮಾನ ಪಡಿ. ಟೈರ್ ಮೇಲೆ ಅಂಗೈ ಸವರಿದಾಗ ಅಲೆಯಂತೆ ಉಬ್ಬುತಗ್ಗು ಸಿಕ್ಕರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ಟೈರ್‌ಗಳನ್ನು ಹಿಂದಕ್ಕೆ ಹಾಕಿಸಿ ನೋಡಿ. ಸದ್ದೂ ಹಿಂದಕ್ಕೆ ಹೋದರೆ ಬೇರಿಂಗ್‌ಗೆ ಹಣ ಸುರಿಯಬೇಕಾಗಿಲ್ಲ.

ಬೇರಿಂಗ್ ಸದ್ದು ರಸ್ತೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ತಿರುವಿಗೆ ಸ್ಪಂದಿಸುತ್ತದೆ. ಕಾರು ಎಡಕ್ಕೆ ತಿರುಗಿದಾಗ ಭಾರ ಬಲಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಹಾಗಾಗಿ ಉದ್ದನೆಯ ಎಡ ತಿರುವಿನಲ್ಲಿ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಬದಿಯ ಬೇರಿಂಗ್ ಸವೆದಿರುತ್ತದೆ. ಬಲ ತಿರುವಿನಲ್ಲಿ ಜೋರಾದರೆ ಎಡಬದಿಯದು.

ಪೂರ್ತಿ ತಿರುಗಿಸಿದಾಗ ಟಕ್ ಟಕ್

ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಚಕ್ರದ ಬಳಿ ಟಕ್ ಟಕ್ ಎಂದರೆ ಅದು ಆಕ್ಸಲ್‌ನ ಸಿ.ವಿ. ಜಾಯಿಂಟ್. ಇದರ ಮೇಲಿನ ರಬ್ಬರ್ ಬೂಟ್ ಹರಿದರೆ ಒಳಗಿನ ಗ್ರೀಸ್ ಹೊರಬಂದು, ದೂಳು ಮತ್ತು ನೀರು ಒಳಸೇರುತ್ತವೆ. ಸದ್ದು ಶುರುವಾಗುವ ಮೊದಲೇ ಹರಿದ ಬೂಟ್ ಕಣ್ಣಿಗೆ ಬಿದ್ದರೆ ಬೂಟ್ ಬದಲಿಸಿ ಗ್ರೀಸ್ ತುಂಬಿದರೆ ಮುಗಿಯಿತು. ತಡವಾದರೆ ಜಾಯಿಂಟನ್ನೇ ಬದಲಿಸಬೇಕು.

ನೇರ ರಸ್ತೆಯಲ್ಲೂ ನಿಧಾನಕ್ಕೆ ಟಿಕ್ ಟಿಕ್ ಎನ್ನುತ್ತಿದ್ದರೆ ಮೊದಲು ಟೈರ್ ನೋಡಿ. ಸಂದಿಯಲ್ಲಿ ಸಿಕ್ಕ ಜಲ್ಲಿ ಚೂರು ಸುತ್ತಿಗೊಮ್ಮೆ ರಸ್ತೆಗೆ ಬಡಿಯುತ್ತಿರಬಹುದು. ಮೊಳೆ ಕಂಡರೆ ಮಾತ್ರ ದಾರಿಯಲ್ಲಿ ಕೀಳಬೇಡಿ, ಗಾಳಿ ಇಳಿದುಹೋದೀತು. ಪಂಕ್ಚರ್ ಅಂಗಡಿಗೆ ಹೋಗಿ.

ಇನ್ನು ಕೆಲವು ಗುರುತುಗಳು

• ಕ್ಲಚ್ ಒತ್ತಿದಾಗ ಮಾತ್ರ ಸದ್ದು: ಕ್ಲಚ್‌ನ ರಿಲೀಸ್ ಬೇರಿಂಗ್.
• ನ್ಯೂಟ್ರಲ್‌ನಲ್ಲಿ ನಿಂತಾಗ ಸದ್ದಿದ್ದು, ಕ್ಲಚ್ ಒತ್ತಿದರೆ ನಿಂತುಹೋಗುವುದು: ಗೇರ್‌ಬಾಕ್ಸ್ ಒಳಗಿನ ಬೇರಿಂಗ್.
• ಬೊಲೆರೊದಂತಹ ಹಿಂಚಕ್ರ ಚಾಲನೆಯ ವಾಹನ ಹೊರಡುವಾಗ ಅಥವಾ ರಿವರ್ಸ್‌ಗೆ ಹಾಕಿದಾಗ ಕೆಳಗಿನಿಂದ ‘ಠಣ್’: ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಸವೆದಿರಬಹುದು.
• ಹಂಪ್ ದಾಟುವಾಗ ಮಾತ್ರ ದಡ್ ದಡ್: ಸಸ್ಪೆನ್ಷನ್‌ನ ಬುಷ್, ಲಿಂಕ್ ರಾಡ್ ಅಥವಾ ಬಾಲ್ ಜಾಯಿಂಟ್.
• ಮಳೆಗಾಲದ ಬೆಳಿಗ್ಗೆ ಬ್ರೇಕ್ ಒತ್ತಿದಾಗ ಕರ್ ಎಂದು, ನಾಲ್ಕಾರು ಸಲ ಒತ್ತಿದ ಮೇಲೆ ನಿಲ್ಲುವುದು: ಡಿಸ್ಕ್ ಮೇಲಿನ ತೆಳು ತುಕ್ಕು. ಚಿಂತೆ ಬೇಡ.
• ಪ್ರತಿಸಲವೂ ಕೀಚ್ ಎಂದರೆ: ಬ್ರೇಕ್ ಪ್ಯಾಡ್ ಪರೀಕ್ಷಿಸಿ. ಪ್ಯಾಡ್ ಮುಗಿಯುತ್ತ ಬಂದಾಗ ಹೀಗೆ ಕಿರುಚಲೆಂದೇ ಹಲವು ಕಾರುಗಳಲ್ಲಿ ಸಣ್ಣ ಲೋಹದ ಪಟ್ಟಿ ಇಟ್ಟಿರುತ್ತಾರೆ.

ಈ ಸಲಹೆಗಳನ್ನು ಪಾಲಿಸಬೇಡಿ

‘ಬ್ರೇಕ್ ಕಿರುಚಿದರೆ ಎಣ್ಣೆ ಅಥವಾ ಸ್ಪ್ರೇ ಹೊಡೆಯಿರಿ’: ತಪ್ಪು. ಬ್ರೇಕ್ ಕೆಲಸ ಮಾಡುವುದೇ ಉಜ್ಜುವಿಕೆಯಿಂದ. ಪ್ಯಾಡ್‌ಗೆ ಎಣ್ಣೆ ತಾಗಿದರೆ ಸದ್ದು ನಿಂತೀತು, ಕಾರು ನಿಲ್ಲಲಿಕ್ಕಿಲ್ಲ.

‘ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಕೇಳಿಸಿಕೊಳ್ಳಿ’: ಅಪಾಯಕಾರಿ. ಎಂಜಿನ್ ನಿಂತರೆ ಬ್ರೇಕ್‌ಗೆ ಸಿಗುವ ನೆರವು ಕೆಲವೇ ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ. ಕೀಲಿ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು.

‘ಜಾಕಿ ಹಾಕಿ ಕೆಳಗೆ ನುಸುಳಿ ನೋಡಿ’: ಬೇಡವೇ ಬೇಡ. ಕಾರಿನ ಜೊತೆ ಬರುವ ಜಾಕಿ ಇರುವುದು ಸ್ಟೆಪ್ನಿ ಬದಲಿಸಲು ಮಾತ್ರ. ಅದು ಜಾರಿದರೆ ಕಾರಿನ ಭಾರ ನೇರವಾಗಿ ನಿಮ್ಮ ಮೇಲೆ ಬೀಳುತ್ತದೆ.

ಯಾವಾಗ ಕೂಡಲೇ ನಿಲ್ಲಿಸಬೇಕು?

ಚಕ್ರ ಬಿಚ್ಚಿ ಹಾಕಿಸಿದ ಮೇಲೆ ಹೊಸದಾಗಿ ಟಕಟಕ ಸದ್ದು ಅಥವಾ ಅಲುಗಾಟ ಶುರುವಾದರೆ ವೀಲ್ ನಟ್ ಸಡಿಲವಾಗಿರಬಹುದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಪಂಕ್ಚರ್ ಹಾಕಿಸಿದಾಗಲೆಲ್ಲ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕರಕರ ಎಂದರೆ, ಗುಂಯ್ ಸದ್ದಿನ ಜೊತೆ ಸ್ಟೇರಿಂಗ್ ನಡುಗಿದರೆ ಅಥವಾ ಒಂದು ಚಕ್ರದ ಬಳಿ ಮಾತ್ರ ವಿಪರೀತ ಬಿಸಿ, ಸುಟ್ಟ ವಾಸನೆ ಇದ್ದರೆ ಮುಂದಕ್ಕೆ ಓಡಿಸಬೇಡಿ. ಗಾಡಿಯನ್ನು ಎಳೆಸಿಕೊಂಡು ಹೋಗಿ.

ಗ್ಯಾರೇಜ್‌ನಲ್ಲಿ ಏನು ಹೇಳಬೇಕು?

‘ಏನೋ ಸದ್ದು ಬರ್ತಿದೆ’ ಎಂದರೆ ಹುಡುಕಾಟಕ್ಕೇ ಅರ್ಧ ದಿನ ಹೋಗುತ್ತದೆ. ಯಾವ ವೇಗದಲ್ಲಿ, ಯಾವ ಕಡೆ ತಿರುಗಿದಾಗ, ಬ್ರೇಕ್ ಒತ್ತಿದಾಗಲೋ ಕ್ಲಚ್ ಒತ್ತಿದಾಗಲೋ ಎಂದು ಬರೆದುಕೊಂಡು ಹೋಗಿ. ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಿ. ಸವೆದ ಬೇರಿಂಗ್ ಕೈಯಲ್ಲಿ ಹಿಡಿದು ತಿರುಗಿಸಿದರೆ ಮರಳು ಹೊಕ್ಕಂತೆ ಕರಕರ ಎನ್ನುತ್ತದೆ. ನುಣ್ಣಗೆ ತಿರುಗುತ್ತಿದ್ದರೆ, ಅದನ್ನು ಯಾಕೆ ಬದಲಿಸಿದಿರಿ ಎಂದು ಕೇಳಿ.