ಭೀಮಾ–ಕೃಷ್ಣೆಯ ನೀರಿನಲ್ಲಿ ವಿಷಮುಳ್ಳಿನ ಚೇಳು ಮೀನು

ವಿಷಕಾರಿ ಮೀನು ಎಂದೊಡನೆ ಹವಳದ ದಿಬ್ಬಗಳ ನಡುವೆ ಈಜುವ ಪಟ್ಟೆಗಳ ಸಿಂಹಮೀನು ನೆನಪಾಗುತ್ತದೆ. ಆದರೆ ಕಡಲಿನಿಂದ ಬಹುದೂರವಿರುವ ವಿಜಯಪುರ ಜಿಲ್ಲೆಯ ಸಿಹಿನೀರಿನಲ್ಲಿಯೂ ಮುಳ್ಳಿನಲ್ಲಿ ವಿಷವುಳ್ಳ ಮೀನೊಂದಿದೆ. ಅದೇ ಚೇಳು ಮೀನು. ಉತ್ತರ ಭಾರತದಲ್ಲಿ ಇದಕ್ಕೆ ಸಿಂಘಿ ಎಂದು ಹೆಸರು. ಹೆಟೆರೊಪ್ನ್ಯೂಸ್ಟಿಸ್ ಫಾಸಿಲಿಸ್ ಎಂಬುದು ವೈಜ್ಞಾನಿಕ ನಾಮ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಮಾರ್ಕಸ್ ಬ್ಲಾಕ್ 1794ರಲ್ಲಿ ಇದನ್ನು ಮೊದಲು ವರ್ಣಿಸಿದರು.

ಇಂಡಿ, ಸಿಂದಗಿ ಸೀಮೆಯ ಉತ್ತರದಂಚಿನಲ್ಲಿ ಭೀಮೆ ಹರಿದರೆ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ದಕ್ಷಿಣಕ್ಕೆ ಕೃಷ್ಣೆ ಹಾಗೂ ಆಲಮಟ್ಟಿ ಜಲಾಶಯದ ಹಿನ್ನೀರು ಇದೆ. ಇಂತಹ ನದಿಗಳ ಮಡು, ಕೆರೆ, ಕೆಸರು ತುಂಬಿದ ಹಳ್ಳಗಳೇ ಚೇಳು ಮೀನಿನ ನೆಲೆ.

ನೀಳವಾದ, ಹುರುಪೆಯಿಲ್ಲದ ದೇಹ, ಕಪ್ಪು ಮಿಶ್ರಿತ ಕಂದು ಬಣ್ಣ, ಚಪ್ಪಟೆ ತಲೆ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ. ಉದ್ದ ಸಾಮಾನ್ಯವಾಗಿ 30 ಸೆಂ.ಮೀ. ಮೀರದು. ಬೆನ್ನಿನ ಈಜುರೆಕ್ಕೆ ಚಿಕ್ಕದು. ಹೊಟ್ಟೆಯಡಿಯ ರೆಕ್ಕೆ ಬಾಲದ ಬುಡದವರೆಗೂ ಚಾಚಿರುತ್ತದೆ. ಕಿವಿರಿನ ಕೋಣೆಯಿಂದ ಹಿಂದಕ್ಕೆ ಚಾಚಿದ ಗಾಳಿಚೀಲಗಳಿರುವುದರಿಂದ, ಆಮ್ಲಜನಕ ಕಡಿಮೆಯಾದ ಬೇಸಿಗೆಯ ಕೊಳೆನೀರಿನಲ್ಲಿಯೂ ಮೇಲಕ್ಕೆ ಬಂದು ಗಾಳಿ ನುಂಗಿ ಬದುಕಬಲ್ಲದು. ನೀರಿನಿಂದ ತೆಗೆದ ಬಳಿಕವೂ ಹೊತ್ತು ಜೀವ ಹಿಡಿದಿರುವ ಕಾರಣ ಇದನ್ನು ಜೀವಂತವಾಗಿಯೇ ಮಾರುವುದುಂಟು. ಹುಳು, ಕೀಟ, ಸಣ್ಣ ಜಲಚರಗಳು ಇದರ ಆಹಾರ. ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ.

ಎದೆಯ ಎರಡು ಈಜುರೆಕ್ಕೆಗಳ ಮುಂದಿರುವ ಗಟ್ಟಿ ಮುಳ್ಳುಗಳೇ ಇದರ ಆಯುಧ. ಮುಳ್ಳನ್ನು ಮುಚ್ಚಿದ ಚರ್ಮದಲ್ಲಿ ವಿಷಗ್ರಂಥಿಗಳಿವೆ. ಮುಳ್ಳು ಚುಚ್ಚಿದಾಗ ಆ ಪೊರೆ ಹರಿದು ವಿಷ ಗಾಯಕ್ಕೆ ಸೇರುತ್ತದೆ. ಬೇಟೆಯಾಡಲು ಅಲ್ಲ, ಆತ್ಮರಕ್ಷಣೆಗಷ್ಟೇ ಇದರ ಬಳಕೆ. ಬಲೆ ಬಿಡಿಸುವಾಗ, ಮೀನು ಹೆಚ್ಚುವಾಗ ಬರಿಗೈಯಲ್ಲಿ ಹಿಡಿದವರೇ ಹೆಚ್ಚಾಗಿ ಚುಚ್ಚಿಸಿಕೊಳ್ಳುತ್ತಾರೆ.

ಚುಚ್ಚಿದೊಡನೆ ಚೇಳು ಕುಟುಕಿದಂತಹ ಉರಿ, ಬಾವು ಕಾಣಿಸಿಕೊಳ್ಳುತ್ತವೆ. ಪ್ರಾಣಾಪಾಯ ತೀರಾ ವಿರಳ. ಆದರೂ ಮುಳ್ಳಿನ ತುಂಡು ಒಳಗುಳಿದು ಗಾಯ ಕೀವುಗಟ್ಟಿದರೆ, ಕೈಯನ್ನೇ ನಂಬಿದ ಮೀನುಗಾರನ ದುಡಿಮೆ ನಿಲ್ಲುತ್ತದೆ. ಹಗ್ಗದಿಂದ ಬಿಗಿಯುವುದು, ಗಾಯ ಕೊಯ್ಯುವುದು ಹಾನಿಕರ. ಹಾವಿನ ವಿಷಕ್ಕೆ ನೀಡುವ ಮದ್ದು ಇಲ್ಲಿ ಉಪಯೋಗಕ್ಕೆ ಬಾರದು. ಗಾಯ ತೊಳೆದು, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ, ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡುವುದು ಮೊದಲ ಉಪಚಾರ. ಚುಚ್ಚದ ಕೈಯಿಂದ ನೀರಿನ ಬಿಸಿಯನ್ನು ಮೊದಲೇ ಪರೀಕ್ಷಿಸಬೇಕು. ವಿಷದಲ್ಲಿರುವ ಪ್ರೋಟೀನು ಬಿಸಿಗೆ ಶಕ್ತಿಗುಂದುತ್ತದೆ. ಸಿಂಹಮೀನು ಚುಚ್ಚಿದಾಗಲೂ ಇದೇ ಕ್ರಮ. ಬಳಿಕ ವೈದ್ಯರಿಂದ ಗಾಯ ಪರೀಕ್ಷಿಸಿಕೊಂಡು, ಅಗತ್ಯವಿದ್ದರೆ ಧನುರ್ವಾಯು ತಡೆಯುವ ಚುಚ್ಚುಮದ್ದು ಪಡೆಯಬೇಕು.